ಜಿಪಿಎಸ್‌ಗೆ ದಿಕ್ಕು ಗೊತ್ತಿದೆಯೇ? ಪೈಲಟ್ ಕೈಯಲ್ಲಿರುವ ಉಪಕರಣ ನಿಜವಾಗಿ ತೋರಿಸುವುದೇನು

"ಜಿಪಿಎಸ್ ಬಂದ ಮೇಲೆ ದಿಕ್ಸೂಚಿಗೆ ಏನು ಕೆಲಸ? ಉಪಗ್ರಹವೇ ಎಲ್ಲ ದಿಕ್ಕನ್ನೂ ತೋರಿಸುತ್ತದಲ್ಲ!" ಈ ಮಾತನ್ನು ನೀವೂ ಕೇಳಿರಬಹುದು. ಕಾರಿನಲ್ಲಿ ಮೊಬೈಲ್ ನೋಡಿಕೊಂಡು ಊರೂರು ಸುತ್ತುವ ನಮಗೆ ಇದು ಸರಿ ಎಂದೇ ಅನ್ನಿಸುತ್ತದೆ. ಹಾಗಿದ್ದರೂ ಇಂದಿನ ಸಣ್ಣ ತರಬೇತಿ ವಿಮಾನದಿಂದ ಹಿಡಿದು ದೊಡ್ಡ ಪ್ರಯಾಣಿಕ ವಿಮಾನದವರೆಗೆ ಪೈಲಟ್ ಮುಂದೆ ಒಂದು ಕಾಂತೀಯ ದಿಕ್ಸೂಚಿ ಇದ್ದೇ ಇರುತ್ತದೆ. ಪಕ್ಕದಲ್ಲಿ ಸಾವಿರಾರು ರೂಪಾಯಿಯ ಜಿಪಿಎಸ್ ಉಪಕರಣ ಇದ್ದರೂ ಅದನ್ನು ಯಾರೂ ಕಿತ್ತು ಹಾಕಿಲ್ಲ. ಯಾಕೆ?

ಚಿಕ್ಕದಾಗಿ ಹೇಳುವುದಾದರೆ, ಸಾಮಾನ್ಯ ಜಿಪಿಎಸ್‌ಗೆ ನೀವು ಎಲ್ಲಿದ್ದೀರಿ ಎಂಬುದು ಗೊತ್ತು. ನೀವು ಚಲಿಸುತ್ತಿದ್ದರೆ ಯಾವ ಕಡೆಗೆ ಸಾಗುತ್ತಿದ್ದೀರಿ ಎಂಬುದೂ ಗೊತ್ತು. ಆದರೆ ನೀವು ಯಾವ ಕಡೆಗೆ ಮುಖ ಮಾಡಿದ್ದೀರಿ ಎಂಬುದು ಗೊತ್ತಿಲ್ಲ. ರಸ್ತೆಯಲ್ಲಿ ಈ ವ್ಯತ್ಯಾಸ ನಮ್ಮ ಗಮನಕ್ಕೆ ಬರುವುದೇ ಇಲ್ಲ. ಆಕಾಶದಲ್ಲಿ ಇದೇ ವ್ಯತ್ಯಾಸ ಜೀವದ ಪ್ರಶ್ನೆಯಾಗಬಹುದು. ಅದು ಹೇಗೆ ಎಂಬುದನ್ನು ಈ ಲೇಖನದಲ್ಲಿ ಹಂತ ಹಂತವಾಗಿ ನೋಡೋಣ. ಕೊನೆಯಲ್ಲಿ ನಿಮ್ಮ ಫೋನ್‌ನಲ್ಲೇ ಮಾಡಿ ನೋಡಬಹುದಾದ ಒಂದು ಸಣ್ಣ ಪರೀಕ್ಷೆಯೂ ಇದೆ.

ಜಿಪಿಎಸ್ ಅಳೆಯುವುದು ಏನನ್ನು?

ಜಿಪಿಎಸ್ ಎಂಬುದು ಅಮೆರಿಕ ನಡೆಸುವ ಉಪಗ್ರಹ ವ್ಯವಸ್ಥೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಇದರ ಉಪಗ್ರಹಗಳು ದಿನಕ್ಕೆ ಎರಡು ಸುತ್ತಿನಂತೆ ಭೂಮಿಯನ್ನು ಸುತ್ತುತ್ತಿರುತ್ತವೆ. ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರ ಇದೆ. ಅದು ನಿರಂತರವಾಗಿ "ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು" ಎಂಬ ಸಂಕೇತವನ್ನು ಭೂಮಿಯತ್ತ ಬಿತ್ತರಿಸುತ್ತಾ ಇರುತ್ತದೆ.

ಪೈಲಟ್ ಕೈಯಲ್ಲಿರುವ ಹ್ಯಾಂಡ್‌ಹೆಲ್ಡ್ ಉಪಕರಣವಾಗಲಿ, ನಿಮ್ಮ ಜೇಬಿನ ಮೊಬೈಲ್ ಆಗಲಿ, ಆ ಸಂಕೇತವನ್ನು ರೇಡಿಯೋದಂತೆ ಕೇಳಿಸಿಕೊಳ್ಳುತ್ತದೆ ಅಷ್ಟೆ. ಸಂಕೇತ ಹೊರಟ ಸಮಯಕ್ಕೂ ತಲುಪಿದ ಸಮಯಕ್ಕೂ ಇರುವ ಅಂತರದಿಂದ ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಬೆಳಕಿನ ವೇಗದಲ್ಲಿ ಬರುವ ಈ ಸಂಕೇತ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ 300 ಮೀಟರ್ ಸಾಗಿಬಿಡುತ್ತದೆ. ಹಾಗಾಗಿ ಸಮಯದ ಲೆಕ್ಕ ಬಹಳ ನಿಖರವಾಗಿರಬೇಕು. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಸರಿಯಾದ ಸಮಯ ಈ ನಾಲ್ಕೂ ಸಿಗುತ್ತವೆ.

ಇಲ್ಲಿ ಗಮನಿಸಬೇಕಾದ ವಿಷಯವೆಂದರೆ ಈ ಲೆಕ್ಕದಲ್ಲಿ ಎಲ್ಲೂ "ದಿಕ್ಕು" ಬಂದಿಲ್ಲ. ಉಪಕರಣದ ಒಳಗಿರುವ ಆಂಟೆನಾ ಎಂಬ ಒಂದು ಬಿಂದು ಭೂಮಿಯ ಮೇಲೆ ಎಲ್ಲಿದೆ ಎಂಬುದಷ್ಟೇ ಗೊತ್ತಾಯಿತು. ಒಂದು ಬಿಂದುವಿಗೆ ಮುಂದೆ ಹಿಂದೆ ಎಂಬುದಿಲ್ಲ. ಉಪಕರಣವನ್ನು ಅಂಗೈಯಲ್ಲಿಟ್ಟು ಸುತ್ತ ತಿರುಗಿಸಿದರೂ ಆಂಟೆನಾ ಇರುವ ಜಾಗ ಬದಲಾಗುವುದಿಲ್ಲ, ಜಿಪಿಎಸ್ ಲೆಕ್ಕವೂ ಬದಲಾಗುವುದಿಲ್ಲ.

ಹಾಗಾದರೆ ಬಾಣ ಎಲ್ಲಿಂದ ಬಂತು?

ನೀವು ಚಲಿಸಲು ಶುರುಮಾಡಿದ ಕೂಡಲೇ ಚಿತ್ರ ಬದಲಾಗುತ್ತದೆ. ಒಂದು ಕ್ಷಣದ ಹಿಂದೆ ಅಲ್ಲಿದ್ದಿರಿ, ಈಗ ಇಲ್ಲಿದ್ದೀರಿ. ಎರಡು ಬಿಂದುಗಳ ನಡುವೆ ಗೆರೆ ಎಳೆದರೆ ನೀವು ಸಾಗುತ್ತಿರುವ ದಿಕ್ಕು ಸಿಗುತ್ತದೆ. ಇಂದಿನ ಉಪಕರಣಗಳು ಇನ್ನೂ ಒಳ್ಳೆಯ ದಾರಿಯೊಂದನ್ನು ಬಳಸುತ್ತವೆ. ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ದನಿ ಏರಿದಂತೆ, ದೂರ ಹೋಗುವಾಗ ಇಳಿದಂತೆ ಕೇಳಿಸುತ್ತದೆ ಅಲ್ಲವೇ? ಅದೇ ಡಾಪ್ಲರ್ ಪರಿಣಾಮ. ಉಪಗ್ರಹದ ರೇಡಿಯೋ ಸಂಕೇತದಲ್ಲೂ ಇದೇ ರೀತಿಯ ಏರಿಳಿತ ಉಂಟಾಗುತ್ತದೆ. ಹಲವು ಉಪಗ್ರಹಗಳ ಸಂಕೇತದ ಏರಿಳಿತವನ್ನು ಒಟ್ಟಿಗೆ ನೋಡಿ ನೀವು ಯಾವ ಕಡೆಗೆ, ಎಷ್ಟು ವೇಗದಲ್ಲಿ ಸಾಗುತ್ತಿದ್ದೀರಿ ಎಂದು ಉಪಕರಣ ತುಂಬ ನಿಖರವಾಗಿ ಹೇಳಬಲ್ಲದು.

ಎರಡೂ ವಿಧಾನಗಳಿಗೆ ಬೇಕಾದದ್ದು ಚಲನೆ. ನಿಂತಲ್ಲೇ ನಿಂತರೆ ದಿಕ್ಕು ಎಂಬುದೇ ಇಲ್ಲ. ತೆರೆದ ಆಕಾಶದ ಕೆಳಗೂ ಫೋನಿನ ಜಿಪಿಎಸ್ ಸ್ಥಾನದಲ್ಲಿ ಐದು ಮೀಟರಿನಷ್ಟು ವ್ಯತ್ಯಾಸ ಇರುವುದು ಸಾಮಾನ್ಯ. ನೀವು ಅಲುಗಾಡದೆ ನಿಂತಿದ್ದರೂ ಪರದೆಯ ಮೇಲಿನ ಬಿಂದು ಅತ್ತಿತ್ತ ಸರಿಯುತ್ತದೆ. ಉಪಕರಣ ಅದನ್ನೇ ಚಲನೆ ಎಂದುಕೊಂಡರೆ ಬಾಣ ಒಮ್ಮೆ ಪೂರ್ವಕ್ಕೆ, ಒಮ್ಮೆ ದಕ್ಷಿಣಕ್ಕೆ ತಿರುಗುತ್ತದೆ. ಕೆಲವು ಉಪಕರಣಗಳು ಈ ಗೊಂದಲ ಬೇಡವೆಂದು, ನಿಲ್ಲುವ ಮೊದಲು ಸಾಗುತ್ತಿದ್ದ ದಿಕ್ಕನ್ನೇ ಹಾಗೇ ಉಳಿಸಿ ತೋರಿಸುತ್ತವೆ. ರನ್‌ವೇ ಪಕ್ಕದಲ್ಲಿ ನಿಂತ ವಿಮಾನದ ಜಿಪಿಎಸ್ ತೋರಿಸುವ ದಿಕ್ಕನ್ನು ಪೈಲಟ್ ನಂಬದಿರಲು ಇದೇ ಕಾರಣ.

ಮೂತಿ ಒಂದು ಕಡೆ, ದಾರಿ ಇನ್ನೊಂದು ಕಡೆ

ಚಲಿಸುವಾಗ ಸಿಗುವ ದಿಕ್ಕಾದರೂ ವಿಮಾನದ ಮೂತಿ ಇರುವ ದಿಕ್ಕೇ ಆಗಿರುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಇದನ್ನು ತಿಳಿಯಲು ಹೊಳೆಗೆ ಹೋಗೋಣ.

ಆನೆಗೊಂದಿಯ ಬಳಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರಿಗೆ ಇದು ಗೊತ್ತಿರುತ್ತದೆ. ನೀರಿನ ಸೆಳೆತ ಜೋರಾಗಿದ್ದಾಗ ಅಂಬಿಗ ಎದುರು ದಡದ ಕಟ್ಟೆಯ ಕಡೆಗೇ ನೇರವಾಗಿ ಹುಟ್ಟು ಹಾಕುವುದಿಲ್ಲ. ಹಾಗೆ ಮಾಡಿದರೆ ಹರಿವು ಹರಿಗೋಲನ್ನು ಎಳೆದುಕೊಂಡು ಹೋಗಿ ಎಲ್ಲೋ ಕೆಳಗೆ ದಡ ಹತ್ತಿಸುತ್ತದೆ. ಆದ್ದರಿಂದ ಅವನು ಮೇಲ್ಗಡೆಗೆ ಗುರಿ ಇಟ್ಟು ಹುಟ್ಟು ಹಾಕುತ್ತಾನೆ. ಹರಿಗೋಲು ಓರೆಯಾಗಿ ಸಾಗಿ ಸರಿಯಾಗಿ ಕಟ್ಟೆಗೇ ಬಂದು ನಿಲ್ಲುತ್ತದೆ.

ವಿಮಾನಕ್ಕೆ ಗಾಳಿಯೇ ಹೊಳೆ. ವಿಮಾನ ಗಾಳಿಯೊಳಗೆ ಹಾರುತ್ತದೆ, ಗಾಳಿ ನೆಲದ ಮೇಲೆ ಸರಿಯುತ್ತಿರುತ್ತದೆ. ವಿಮಾನದ ಮೂತಿ ಇರುವ ದಿಕ್ಕಿಗೆ ಪೈಲಟ್‌ಗಳು "ಹೆಡಿಂಗ್" ಎನ್ನುತ್ತಾರೆ. ನೆಲದ ಮೇಲೆ ವಿಮಾನ ನಿಜವಾಗಿ ಸಾಗುವ ದಾರಿಯ ದಿಕ್ಕಿಗೆ "ಟ್ರ್ಯಾಕ್" ಎನ್ನುತ್ತಾರೆ. ಇವೆರಡರ ನಡುವಿನ ಅಂತರಕ್ಕೆ "ಡ್ರಿಫ್ಟ್" ಎಂದು ಹೆಸರು. ದಿಕ್ಸೂಚಿ ತೋರಿಸುವುದು ಹೆಡಿಂಗ್. ಜಿಪಿಎಸ್ ತೋರಿಸುವುದು ಟ್ರ್ಯಾಕ್. ಇಡೀ ಲೇಖನದಲ್ಲಿ ನೆನಪಿಡಬೇಕಾದದ್ದು ಇದೊಂದೇ.

ಲೆಕ್ಕಕ್ಕಾಗಿ ಒಂದು ಉದಾಹರಣೆ ನೋಡೋಣ. ಬೆಂಗಳೂರಿನ ಜಕ್ಕೂರು ವಾಯುನೆಲೆಯಿಂದ ಅನಂತಪುರ ಹೆಚ್ಚು ಕಡಿಮೆ ನೇರ ಉತ್ತರಕ್ಕಿದೆ. ದೂರ ಸುಮಾರು 180 ಕಿಲೋಮೀಟರ್. ಗಾಳಿಯಲ್ಲಿ ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಹಾರುವ ಪುಟ್ಟ ವಿಮಾನವೊಂದು ಮೂತಿಯನ್ನು ನೇರ ಉತ್ತರಕ್ಕೆ ಇಟ್ಟು ಹೊರಟಿದೆ ಎಂದುಕೊಳ್ಳಿ. ಪಶ್ಚಿಮದಿಂದ ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದೆ. ಒಂದು ಗಂಟೆಯ ನಂತರ ವಿಮಾನ ಅನಂತಪುರದ ಮೇಲೆ ಇರುವುದಿಲ್ಲ, ಅಲ್ಲಿಂದ 36 ಕಿಲೋಮೀಟರ್ ಪೂರ್ವದಲ್ಲಿರುತ್ತದೆ. ದಾರಿಯುದ್ದಕ್ಕೂ ದಿಕ್ಸೂಚಿ "ಉತ್ತರ" ಎಂದೇ ತೋರಿಸಿದೆ. ಜಿಪಿಎಸ್ ಮಾತ್ರ 11 ಡಿಗ್ರಿ ಎಂದು ತೋರಿಸುತ್ತಾ ಬಂದಿದೆ. ಎರಡೂ ಸರಿ. ಒಂದು ಮೂತಿಯ ಬಗ್ಗೆ ಹೇಳುತ್ತಿದೆ, ಇನ್ನೊಂದು ದಾರಿಯ ಬಗ್ಗೆ.

ನೇರವಾಗಿ ಅನಂತಪುರ ತಲುಪಬೇಕಾದರೆ ಪೈಲಟ್ ಮೂತಿಯನ್ನು ಎಡಕ್ಕೆ, ಅಂದರೆ ಗಾಳಿ ಬರುವ ಕಡೆಗೆ, ಸುಮಾರು ಹನ್ನೊಂದೂವರೆ ಡಿಗ್ರಿ ತಿರುಗಿಸಿ ಹಾರಬೇಕು. ಆಗ ದಿಕ್ಸೂಚಿ 348 ಡಿಗ್ರಿಯ ಆಸುಪಾಸು ತೋರಿಸುತ್ತದೆ, ಜಿಪಿಎಸ್ ನೇರ ಉತ್ತರ ಎನ್ನುತ್ತದೆ. ವಿಚಿತ್ರವೆಂದರೆ ಕಿಟಕಿಯಿಂದ ನೋಡಿದರೆ ಊರು ಮೂತಿಯ ನೇರಕ್ಕೆ ಕಾಣುವುದಿಲ್ಲ, ಸ್ವಲ್ಪ ಬಲಕ್ಕೆ ಕಾಣುತ್ತದೆ. ಜಿಪಿಎಸ್ ಬಾಣವೋ "ನೇರ ಮುಂದಿದೆ" ಎನ್ನುತ್ತಿರುತ್ತದೆ. ವ್ಯತ್ಯಾಸ ತಿಳಿಯದವರು ಉಪಕರಣ ಕೆಟ್ಟಿದೆ ಎಂದು ತಿಳಿದುಕೊಂಡು ಮೂತಿಯನ್ನು ಊರಿನತ್ತ ತಿರುಗಿಸಿದರೆ ಅಲ್ಲಿಂದಲೇ ದಾರಿ ತಪ್ಪಲು ಶುರು.

ಪರದೆಯ ಮೇಲೆ ಪೈಲಟ್ ನೋಡುವುದೇನು?

ಮಾರುಕಟ್ಟೆಗೆ ಬಂದ ಮೊದಲ ಹ್ಯಾಂಡ್‌ಹೆಲ್ಡ್ ಜಿಪಿಎಸ್ 1989ರ ಮ್ಯಾಗೆಲನ್ ನ್ಯಾವ್ 1000. ನಂತರ ಗಾರ್ಮಿನ್‌ನಂತಹ ಕಂಪನಿಗಳು ಪೈಲಟ್‌ಗಳಿಗೆಂದೇ ಹ್ಯಾಂಡ್‌ಹೆಲ್ಡ್‌ಗಳನ್ನು ತಂದವು. ಈಗ ಟ್ಯಾಬ್ಲೆಟ್‌ಗಳಲ್ಲಿ ಆ್ಯಪ್‌ಗಳೂ ಇವೆ. ಪರದೆಯ ವಿನ್ಯಾಸ ಬೇರೆ ಬೇರೆ ಇರಬಹುದು, ಮುಖ್ಯವಾಗಿ ಕಾಣುವ ಅಂಕಿಗಳು ಬಹುತೇಕ ಒಂದೇ.

ಮೊದಲನೆಯದು ಟ್ರ್ಯಾಕ್: ಈಗ ನೆಲದ ಮೇಲೆ ಸಾಗುತ್ತಿರುವ ದಿಕ್ಕು.

ಎರಡನೆಯದು ಬೇರಿಂಗ್: ಈಗ ಇರುವ ಜಾಗದಿಂದ ತಲುಪಬೇಕಾದ ಜಾಗ ಯಾವ ದಿಕ್ಕಿನಲ್ಲಿದೆ ಎಂಬುದು. ಇದಕ್ಕೆ ಚಲನೆ ಬೇಕಿಲ್ಲ. ಎರಡು ಜಾಗಗಳ ಅಕ್ಷಾಂಶ ರೇಖಾಂಶ ಗೊತ್ತಿದ್ದರೆ ಸಾಕು, ನಿಂತಲ್ಲೇ ಲೆಕ್ಕ ಸಿಗುತ್ತದೆ.

ಮೂರನೆಯದು ಡಿಸೈರ್ಡ್ ಟ್ರ್ಯಾಕ್: ಹೊರಟ ಜಾಗದಿಂದ ಗುರಿಗೆ ಮೊದಲೇ ಎಳೆದಿಟ್ಟ ಗೆರೆಯ ದಿಕ್ಕು. ಪರದೆಯಲ್ಲಿ ಇದು ಸಾಮಾನ್ಯವಾಗಿ ಮೆಜೆಂಟಾ ಬಣ್ಣದ ಗೆರೆಯಾಗಿ ಕಾಣುತ್ತದೆ.

ನಾಲ್ಕನೆಯದು ಕ್ರಾಸ್ ಟ್ರ್ಯಾಕ್ ಎರರ್: ಆ ಗೆರೆಯಿಂದ ಎಡಕ್ಕೋ ಬಲಕ್ಕೋ ಎಷ್ಟು ದೂರ ಸರಿದಿದ್ದೀರಿ ಎಂಬುದು.

ಪೈಲಟ್‌ಗಳು ಕಲಿಯುವ ಸರಳ ಸೂತ್ರವೆಂದರೆ ಟ್ರ್ಯಾಕ್ ಮತ್ತು ಬೇರಿಂಗ್ ಅಂಕಿಗಳನ್ನು ಸಮ ಮಾಡಿಕೊಳ್ಳುವುದು. ಎರಡೂ ಒಂದೇ ಆಗಿದ್ದರೆ ವಿಮಾನ ಗುರಿಯತ್ತ ನೇರವಾಗಿ ಸಾಗುತ್ತಿದೆ ಎಂದರ್ಥ. ಮೂತಿ ಎಷ್ಟು ಓರೆಯಾಗಿದ್ದರೂ ಚಿಂತೆಯಿಲ್ಲ. ಗಾಳಿಯ ಲೆಕ್ಕವನ್ನು ಬೇರೆಯಾಗಿ ಮಾಡುವ ಅಗತ್ಯವೂ ಇಲ್ಲ, ಅದು ಟ್ರ್ಯಾಕ್‌ನಲ್ಲಿ ಆಗಲೇ ಸೇರಿಹೋಗಿದೆ. ಜಿಪಿಎಸ್ ಬರುವ ಮೊದಲು ಇದಕ್ಕೆ ಪೆನ್ಸಿಲ್, ಸ್ಕೇಲು, ಗಾಳಿಯ ಅಂದಾಜು ಬೇಕಿತ್ತು. ಜಿಪಿಎಸ್ ತಂದ ದೊಡ್ಡ ಅನುಕೂಲ ಇದೇ.

ಇದರ ಬದಲು ಮೂತಿಯನ್ನು ಸದಾ ಗುರಿಯ ಕಡೆಗೇ ತಿರುಗಿಸುತ್ತಾ ಹೋದರೆ ಏನಾಗುತ್ತದೆ? ಗಾಳಿ ಪಕ್ಕಕ್ಕೆ ತಳ್ಳುತ್ತದೆ, ಪೈಲಟ್ ಮತ್ತೆ ತಿರುಗಿಸುತ್ತಾನೆ, ಗಾಳಿ ಮತ್ತೆ ತಳ್ಳುತ್ತದೆ. ವಿಮಾನ ಗುರಿ ತಲುಪುತ್ತದೆ, ಆದರೆ ನೇರ ಗೆರೆಯಲ್ಲಲ್ಲ, ಬಿಲ್ಲಿನಂತೆ ಬಾಗಿದ ದಾರಿಯಲ್ಲಿ. ಬಯಲಿನ ಮೇಲೆ ಇದರಿಂದ ಸ್ವಲ್ಪ ಇಂಧನ ಹಾಳಾಗಬಹುದು. ಬೆಟ್ಟಗಳ ನಡುವೆ ಅಥವಾ ನಿಷೇಧಿತ ವಾಯುಪ್ರದೇಶದ ಪಕ್ಕದಲ್ಲಿ ಆ ಬಾಗು ಅಪಾಯ ತರಬಹುದು.

ಇದರ ಇನ್ನೊಂದು ಮುಖವೂ ಇದೆ. ವಿಮಾನ ಸಂಚಾರ ನಿಯಂತ್ರಕರು ರೇಡಿಯೋದಲ್ಲಿ "ಹೆಡಿಂಗ್ 270" ಎಂದರೆ ಪೈಲಟ್ ಮೂತಿಯನ್ನು 270ಕ್ಕೆ ಇಡಬೇಕು, ಜಿಪಿಎಸ್ ಟ್ರ್ಯಾಕನ್ನಲ್ಲ. ಗಾಳಿಯ ಪರಿಣಾಮವನ್ನು ನಿಯಂತ್ರಕರು ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಪೈಲಟ್ ಇಲ್ಲಿ ಜಿಪಿಎಸ್ ಅಂಕಿ ನೋಡಿ ಹಾರಿದರೆ ನಿಯಂತ್ರಕರು ಎಣಿಸಿದ ದಾರಿಯಲ್ಲಿ ವಿಮಾನ ಇರುವುದಿಲ್ಲ.

ಯಾವ ಉತ್ತರ?

ಗಾಳಿಯ ಜೊತೆ ಇನ್ನೊಂದು ಗೊಂದಲ ಸೇರಿಕೊಳ್ಳುತ್ತದೆ. ಭೂಮಿಗೆ ಎರಡು ಉತ್ತರಗಳಿವೆ. ಭೂಮಿ ತಿರುಗುವ ಅಕ್ಷದ ತುದಿಯಲ್ಲಿರುವುದು ಭೌಗೋಳಿಕ ಉತ್ತರ. ದಿಕ್ಸೂಚಿಯ ಮುಳ್ಳು ತೋರಿಸುವುದು ಕಾಂತೀಯ ಉತ್ತರ. ಇವು ಒಂದೇ ಕಡೆ ಇಲ್ಲ. ಎರಡರ ನಡುವಿನ ಕೋನ ಊರಿಂದ ಊರಿಗೆ ಬೇರೆ.

ಬೆಂಗಳೂರಿನಲ್ಲಿ ಈ ವ್ಯತ್ಯಾಸ ಎರಡು ಡಿಗ್ರಿಗಿಂತ ಕಡಿಮೆ. ಹಾಗಾಗಿ ನಮ್ಮ ಕಡೆ ಬಹುತೇಕರಿಗೆ ಈ ವಿಷಯ ಅರಿವಿಗೆ ಬಂದಿರುವುದಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಇದು ಸುಮಾರು 15 ಡಿಗ್ರಿ. ಅಲ್ಲಿ ಇದನ್ನು ಮರೆತು 100 ಕಿಲೋಮೀಟರ್ ಹಾರಿದರೆ ಸುಮಾರು 26 ಕಿಲೋಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ.

ವಾಯುಯಾನದಲ್ಲಿ ಸಾಮಾನ್ಯವಾಗಿ ಬಳಸುವುದು ಕಾಂತೀಯ ದಿಕ್ಕು. ರನ್‌ವೇ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆಯೂ ಅದೇ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇಗಳ ಒಂದು ತುದಿಯಲ್ಲಿ 09, ಇನ್ನೊಂದು ತುದಿಯಲ್ಲಿ 27 ಎಂದಿದೆ. ಅಂದರೆ ಒಂದು ಕಡೆಯಿಂದ ಹೊರಟರೆ ಸುಮಾರು 90 ಡಿಗ್ರಿ, ಅಂದರೆ ಪೂರ್ವ. ಇನ್ನೊಂದು ಕಡೆಯಿಂದ ಹೊರಟರೆ ಸುಮಾರು 270 ಡಿಗ್ರಿ, ಅಂದರೆ ಪಶ್ಚಿಮ. ಭೂಮಿಯ ಕಾಂತಕ್ಷೇತ್ರ ನಿಧಾನವಾಗಿ ಬದಲಾಗುವುದರಿಂದ ಕೆಲವೊಮ್ಮೆ ರನ್‌ವೇ ಸಂಖ್ಯೆಯನ್ನೇ ಬದಲಿಸಬೇಕಾಗುತ್ತದೆ. 2011ರಲ್ಲಿ ಅಮೆರಿಕದ ಟ್ಯಾಂಪಾ ವಿಮಾನ ನಿಲ್ದಾಣದಲ್ಲಿ ಹೀಗೇ ಆಯಿತು. ರನ್‌ವೇ ಅಲ್ಲೇ ಇತ್ತು, ಹೆಸರು ಮಾತ್ರ ಬದಲಾಯಿತು.

ಜಿಪಿಎಸ್‌ಗೆ ಕಾಂತಕ್ಷೇತ್ರ ತಿಳಿಯುವುದಿಲ್ಲ. ಅದರ ಲೆಕ್ಕ ಮೂಲದಲ್ಲಿ ಭೌಗೋಳಿಕ ಉತ್ತರದ್ದು. ಹಾಗಿದ್ದೂ ಹ್ಯಾಂಡ್‌ಹೆಲ್ಡ್‌ಗಳು ಕಾಂತೀಯ ದಿಕ್ಕನ್ನೂ ತೋರಿಸಬಲ್ಲವು. ಯಾವ ಜಾಗದಲ್ಲಿ ವ್ಯತ್ಯಾಸ ಎಷ್ಟು ಎಂಬ ಮಾದರಿಯೊಂದು ಉಪಕರಣದ ಒಳಗೆ ಇರುತ್ತದೆ, ಅದನ್ನು ಕೂಡಿಸಿ ಕಳೆದು ಅಂಕಿ ಕೊಡುತ್ತದೆ. ವಿಶ್ವ ಕಾಂತೀಯ ಮಾದರಿ ಎಂಬ ಇಂತಹ ಲೆಕ್ಕವನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸಲಾಗುತ್ತದೆ. ಸೆಟ್ಟಿಂಗ್‌ನಲ್ಲಿ "ಟ್ರೂ" ಎಂದಿದೆಯೋ "ಮ್ಯಾಗ್ನೆಟಿಕ್" ಎಂದಿದೆಯೋ ನೋಡದೆ ಜಿಪಿಎಸ್ ಅಂಕಿಯನ್ನು ದಿಕ್ಸೂಚಿಯ ಜೊತೆ ಹೋಲಿಸಬಾರದು ಎನ್ನುವುದು ಇದಕ್ಕೇ.

ನಕ್ಷೆಯ ವಿಷಯದಲ್ಲೂ ಒಂದು ಸೆಟ್ಟಿಂಗ್ ಇದೆ. "ನಾರ್ತ್ ಅಪ್" ಎಂದಿದ್ದರೆ ಪರದೆಯ ಮೇಲ್ಭಾಗ ಸದಾ ಉತ್ತರ. "ಟ್ರ್ಯಾಕ್ ಅಪ್" ಎಂದಿದ್ದರೆ ನೀವು ಸಾಗುವ ಕಡೆಯೇ ಮೇಲ್ಭಾಗ. ಪರದೆಯಲ್ಲಿ ಎಡಕ್ಕೆ ಕಂಡ ಊರು ಪಶ್ಚಿಮಕ್ಕಿದೆಯೇ ಅಥವಾ ನಿಮ್ಮ ಎಡಗೈಯ ಕಡೆಗಿದೆಯೇ ಎಂಬುದು ಇದರ ಮೇಲೆ ನಿಂತಿದೆ.

ದಿಕ್ಸೂಚಿಯ ಚಿತ್ರ ಇದ್ದರೆ ಅದು ದಿಕ್ಸೂಚಿಯೇ?

ಹಲವು ಹ್ಯಾಂಡ್‌ಹೆಲ್ಡ್‌ಗಳಲ್ಲಿ ವಿಮಾನದ ಡ್ಯಾಶ್‌ಬೋರ್ಡಿನಂತೆಯೇ ಕಾಣುವ ಒಂದು ಪುಟ ಇರುತ್ತದೆ. ಅದರಲ್ಲಿ ದುಂಡನೆಯ ದಿಕ್ಸೂಚಿ ಚಿತ್ರ, ವೇಗದ ಮುಳ್ಳು, ಎತ್ತರದ ಮುಳ್ಳು ಎಲ್ಲ ಇರುತ್ತವೆ. ನೋಡಿದವರಿಗೆ ಅಸಲಿ ಉಪಕರಣ ಎಂದೇ ಅನ್ನಿಸುತ್ತದೆ. ಆದರೆ ಬರೀ ಜಿಪಿಎಸ್ ಇರುವ ಉಪಕರಣದಲ್ಲಿ ಆ ದಿಕ್ಸೂಚಿ ತೋರಿಸುವುದು ಟ್ರ್ಯಾಕನ್ನೇ. ವೇಗದ ಮುಳ್ಳು ತೋರಿಸುವುದು ನೆಲದ ಮೇಲಿನ ವೇಗವನ್ನು.

ಈ ಎರಡನೆಯದು ಇನ್ನೂ ಗಂಭೀರ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗ, ನೆಲದ ಮೇಲಿನ ವೇಗವಲ್ಲ. ಹಿಂದಿನಿಂದ ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸುತ್ತಿರುವಾಗ ಜಿಪಿಎಸ್ 150 ತೋರಿಸಿದರೆ ರೆಕ್ಕೆಗೆ ಸಿಗುತ್ತಿರುವುದು 100 ಮಾತ್ರ. ಇಳಿಯುವ ಹೊತ್ತಿನಲ್ಲಿ ಜಿಪಿಎಸ್ ವೇಗ ನೋಡಿ "ಇನ್ನೂ ಕಡಿಮೆ ಮಾಡಬಹುದು" ಎಂದುಕೊಂಡರೆ ರೆಕ್ಕೆ ವಿಮಾನವನ್ನು ಹೊರಲಾರದ ಸ್ಥಿತಿಗೆ ಬಂದುಬಿಡಬಹುದು.

ಇನ್ನೂ ಸ್ಪಷ್ಟವಾಗಬೇಕಾದರೆ ಹೆಲಿಕಾಪ್ಟರನ್ನು ಗಮನಿಸಿ. ಅದು ಗಾಳಿಯಲ್ಲಿ ಒಂದೇ ಕಡೆ ನಿಲ್ಲಬಲ್ಲದು, ಪಕ್ಕಕ್ಕೆ ಸರಿಯಬಲ್ಲದು, ಹಿಮ್ಮುಖವಾಗಿಯೂ ಹಾರಬಲ್ಲದು. ಮೂತಿ ಉತ್ತರಕ್ಕಿಟ್ಟು ಹಿಂದಕ್ಕೆ ಸರಿದರೆ ಜಿಪಿಎಸ್ "ದಕ್ಷಿಣ" ಎನ್ನುತ್ತದೆ. ಜೋರು ಗಾಳಿಗೆ ಎದುರಾಗಿ ಹಾರುವ ಪ್ಯಾರಾಗ್ಲೈಡರ್‌ಗೂ ಹೀಗಾಗುವುದುಂಟು. ಅದರ ವೇಗಕ್ಕಿಂತ ಗಾಳಿಯ ವೇಗ ಹೆಚ್ಚಾದರೆ ಪೈಲಟ್ ಮುಂದೆ ನೋಡುತ್ತಿದ್ದರೂ ಹಿಂದಕ್ಕೆ ಸಾಗುತ್ತಿರುತ್ತಾನೆ. ಆಗ ಜಿಪಿಎಸ್ ಬಾಣ ಬೆನ್ನಿನ ಕಡೆಗೆ ತಿರುಗುತ್ತದೆ. ಉಪಕರಣ ಕೆಟ್ಟಿಲ್ಲ. ಅದು ಕೊಡುತ್ತಿರುವುದು ಎಚ್ಚರಿಕೆ.

ಹಾಗೆಂದು ಆ ಪುಟ ಉಪಯೋಗವಿಲ್ಲದ್ದೇನಲ್ಲ. ಮೋಡದೊಳಗೆ ಸಿಕ್ಕಿಕೊಂಡಾಗ ವಿಮಾನದ ಮುಖ್ಯ ಉಪಕರಣಗಳು ಕೈಕೊಟ್ಟರೆ, ಬ್ಯಾಟರಿಯಲ್ಲಿ ನಡೆಯುವ ಈ ಹ್ಯಾಂಡ್‌ಹೆಲ್ಡ್ ಕೊನೆಯ ಆಸರೆಯಾಗಬಹುದು. ಟ್ರ್ಯಾಕ್ ಬದಲಾಗದೆ ಸ್ಥಿರವಾಗಿದ್ದರೆ ವಿಮಾನ ತಿರುಗುತ್ತಿಲ್ಲ, ರೆಕ್ಕೆಗಳು ಹೆಚ್ಚು ಕಡಿಮೆ ಮಟ್ಟಸವಾಗಿವೆ ಎಂದು ಊಹಿಸಬಹುದು. ಇಲ್ಲೂ ಒಂದು ಎಚ್ಚರ ಬೇಕು. ಹಳೆಯ ಹ್ಯಾಂಡ್‌ಹೆಲ್ಡ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ ಒಮ್ಮೆ ಅಂಕಿ ಬದಲಿಸುತ್ತವೆ. ವಿಮಾನ ಸಾಧಾರಣವಾಗಿ ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗುತ್ತದೆ. ಅಂದರೆ ತಿರುಗುವಾಗ ಪರದೆಯ ಅಂಕಿ ಯಾವಾಗಲೂ ಒಂದು ಹೆಜ್ಜೆ ಹಿಂದಿರುತ್ತದೆ.

ದಿಕ್ಕು ಮಾತ್ರ ನಂಬಿದಾಗ: 1983ರ ದುರಂತ

ಇಷ್ಟು ಹೊತ್ತು ಜಿಪಿಎಸ್‌ನ ಮಿತಿ ಹೇಳಿದೆವು. ದಿಕ್ಸೂಚಿಯ ಮಿತಿ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ದೊಡ್ಡ ಉದಾಹರಣೆ ಇದೆ.

ಕೊರಿಯನ್ ಏರ್ ಲೈನ್ಸ್‌ನ 007 ಸಂಖ್ಯೆಯ ಬೋಯಿಂಗ್ 747 ವಿಮಾನ ನ್ಯೂಯಾರ್ಕ್‌ನಿಂದ ಹೊರಟು, ಅಲಾಸ್ಕಾದ ಆ್ಯಂಕರೇಜ್‌ನಲ್ಲಿ ಇಳಿದು, ಅಲ್ಲಿಂದ ಸೋಲ್‌ಗೆ ಹೊರಟಿತ್ತು. ಅದರಲ್ಲಿ ಜಡತ್ವ ಪಥದರ್ಶಕ ವ್ಯವಸ್ಥೆ ಇತ್ತು. ವಿಮಾನದ ಚಲನೆಯನ್ನು ಒಳಗಿನಿಂದಲೇ ಅಳೆದು ಸ್ಥಾನ ಹೇಳುವ ವ್ಯವಸ್ಥೆ ಅದು. ಆಟೋಪೈಲಟ್ ಅದನ್ನು ಅನುಸರಿಸಬೇಕಿತ್ತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ತನಿಖೆಯ ಪ್ರಕಾರ ಹಾಗಾಗಲಿಲ್ಲ. ವಿಮಾನ ಒಂದೇ ಕಾಂತೀಯ ಹೆಡಿಂಗ್ ಹಿಡಿದು ಗಂಟೆಗಟ್ಟಲೆ ಹಾರಿತು, ಸಿಬ್ಬಂದಿಗೆ ಅದು ಗೊತ್ತಾಗಲಿಲ್ಲ.

ಮೂತಿ ಸ್ಥಿರವಾಗಿತ್ತು, ದಾರಿ ಸರಿಯುತ್ತಾ ಹೋಯಿತು. ನಿಗದಿತ ಮಾರ್ಗದಿಂದ 500 ಕಿಲೋಮೀಟರಿಗೂ ಹೆಚ್ಚು ದೂರ ಸರಿದು ವಿಮಾನ ಆಗಿನ ಸೋವಿಯತ್ ಒಕ್ಕೂಟದ ವಾಯುಪ್ರದೇಶ ಹೊಕ್ಕಿತು. 1983ರ ಸೆಪ್ಟೆಂಬರ್ 1ರಂದು ಸಖಾಲಿನ್ ದ್ವೀಪದ ಬಳಿ ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. ವಿಮಾನದಲ್ಲಿದ್ದ 269 ಮಂದಿಯೂ ಸತ್ತರು.

ಅದೇ ತಿಂಗಳು ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಆಡಳಿತ, ಜಿಪಿಎಸ್ ಸಿದ್ಧವಾದ ಮೇಲೆ ಅದನ್ನು ನಾಗರಿಕ ವಿಮಾನಗಳ ಬಳಕೆಗೂ ಕೊಡುವುದಾಗಿ ಘೋಷಿಸಿತು. ವ್ಯವಸ್ಥೆ ಪೂರ್ಣ ಪ್ರಮಾಣದಲ್ಲಿ ಕೆಲಸ ಶುರುಮಾಡಿದ್ದು 1995ರಲ್ಲಿ. ನಾಗರಿಕರಿಗೆ ಸಿಗುವ ಸಂಕೇತದ ನಿಖರತೆಯನ್ನು ಬೇಕೆಂದೇ ತಗ್ಗಿಸುವ ಪದ್ಧತಿಯನ್ನು 2000ದ ಮೇ ತಿಂಗಳಲ್ಲಿ ಕೈಬಿಡಲಾಯಿತು. ಇಂದು ನಾವು ಮೊಬೈಲ್‌ನಲ್ಲಿ ಪುಕ್ಕಟೆಯಾಗಿ ದಾರಿ ನೋಡುವುದರ ಹಿಂದೆ ಈ ಹೆಜ್ಜೆಗಳೆಲ್ಲ ಇವೆ.

"ಜಿಪಿಎಸ್ ಇದ್ದಿದ್ದರೆ ಆ ವಿಮಾನ ಉಳಿಯುತ್ತಿತ್ತು" ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಸರಿಯಾದ ಸ್ಥಾನ ತಿಳಿಸಬಲ್ಲ ಉಪಕರಣ ಆ ವಿಮಾನದಲ್ಲೂ ಇತ್ತು. ಒಂದು ಉಪಕರಣ ಹೇಳಿದ್ದನ್ನು ಇನ್ನೊಂದರ ಜೊತೆ ಹೋಲಿಸಿ ನೋಡುವ ಕೆಲಸ ಆಗಲಿಲ್ಲ. ದಿಕ್ಸೂಚಿ ಮತ್ತು ಜಿಪಿಎಸ್ ಎರಡನ್ನೂ ಇಟ್ಟುಕೊಳ್ಳುವುದು ಇದಕ್ಕಾಗಿಯೇ. ಎರಡರ ಅಂಕಿಗಳಲ್ಲಿರುವ ವ್ಯತ್ಯಾಸವೇ ಪೈಲಟ್‌ಗೆ ಗಾಳಿ ಎಷ್ಟಿದೆ ಎಂದು ಹೇಳುತ್ತದೆ. ಆ ವ್ಯತ್ಯಾಸ ವಿಪರೀತ ಎನ್ನಿಸಿದರೆ ಏನೋ ತಪ್ಪಾಗಿದೆ ಎಂಬ ಸುಳಿವೂ ಅದೇ.

ಇಂದಿನ ದೊಡ್ಡ ವಿಮಾನಗಳು ಜಿಪಿಎಸ್ ಜೊತೆಗೆ ಲೇಸರ್ ಗೈರೋಗಳನ್ನು ಬಳಸಿ ಮೂತಿಯ ದಿಕ್ಕನ್ನು ಬೇರೆಯಾಗಿ ತಿಳಿಯುತ್ತವೆ. ಭಾರತದಲ್ಲಿ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ರೂಪಿಸಿದ "ಗಗನ್" ವ್ಯವಸ್ಥೆ ಜಿಪಿಎಸ್ ಸ್ಥಾನದ ನಿಖರತೆಯನ್ನು ಹೆಚ್ಚಿಸುತ್ತದೆ, ಆದರೆ ಅದೂ ಮೂತಿಯ ದಿಕ್ಕು ಹೇಳುವುದಿಲ್ಲ. ಜೊತೆಗೆ ಸುಳ್ಳು ಸಂಕೇತ ಕಳಿಸಿ ಜಿಪಿಎಸ್ ಅನ್ನು ದಾರಿ ತಪ್ಪಿಸುವ ಪ್ರಕರಣಗಳು ಪಶ್ಚಿಮ ಏಷ್ಯಾದ ಆಕಾಶದಲ್ಲಿ ವರದಿಯಾದ ಮೇಲೆ, 2023ರ ನವೆಂಬರ್‌ನಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ವಿಮಾನ ಸಂಸ್ಥೆಗಳಿಗೆ ಎಚ್ಚರಿಕೆಯ ಸೂಚನೆ ಕೊಟ್ಟಿತು. ಜಿಪಿಎಸ್ ಒಂದನ್ನೇ ನಂಬಬಾರದು ಎಂಬುದಕ್ಕೆ ಇದು ಇನ್ನೊಂದು ಕಾರಣ.

ನಿಮ್ಮ ಫೋನ್‌ನಲ್ಲೇ ಪರೀಕ್ಷಿಸಿ

ನಿಂತಲ್ಲೇ ಫೋನ್ ತಿರುಗಿಸಿದರೆ ನಕ್ಷೆಯ ನೀಲಿ ಚುಕ್ಕೆಯ ಮುಂದಿನ ಬೆಳಕಿನ ಕಿರಣವೂ ತಿರುಗುತ್ತದಲ್ಲ, ಅದು ಹೇಗೆ? ಅದು ಜಿಪಿಎಸ್ ಕೆಲಸವಲ್ಲ. ಬಹುತೇಕ ಸ್ಮಾರ್ಟ್‌ಫೋನ್‌ಗಳಲ್ಲಿ ಮ್ಯಾಗ್ನೆಟೋಮೀಟರ್ ಎಂಬ ಸಣ್ಣ ಸೆನ್ಸರ್ ಇದೆ. ಅದೇ ಫೋನಿನೊಳಗಿನ ದಿಕ್ಸೂಚಿ.

ಹೀಗೆ ಮಾಡಿ ನೋಡಿ. ಬಯಲಿನಲ್ಲಿ ನಿಂತು ನಕ್ಷೆ ತೆರೆಯಿರಿ. ಫೋನಿನ ಹತ್ತಿರ ಒಂದು ಅಯಸ್ಕಾಂತ ತನ್ನಿ, ಅಥವಾ ಅಯಸ್ಕಾಂತದ ಮುಚ್ಚಳವಿರುವ ಕವರ್ ಹಾಕಿ. ಕಿರಣದ ದಿಕ್ಕು ಬದಲಾಗುತ್ತದೆ, ಚುಕ್ಕೆ ಇರುವ ಜಾಗ ಬದಲಾಗುವುದಿಲ್ಲ. ದಿಕ್ಕು ಹೇಳುವ ಸೆನ್ಸರ್ ಬೇರೆ, ಸ್ಥಾನ ಹೇಳುವ ಜಿಪಿಎಸ್ ಬೇರೆ ಎಂಬುದು ಕಣ್ಣಿಗೇ ಕಾಣುತ್ತದೆ.

ಇದು ಬರೀ ಆಟವಲ್ಲ. ಪಶ್ಚಿಮ ಘಟ್ಟದ ಚಾರಣದಲ್ಲಿ ಮಂಜು ಕವಿದು ಕಾಲುದಾರಿ ಕಾಣದಾದಾಗ ಅನೇಕರು ನಿಂತಲ್ಲೇ ಫೋನ್ ನೋಡಿ, ಬಾಣ ತೋರಿಸಿದ ಕಡೆ ಹೆಜ್ಜೆ ಹಾಕಿಬಿಡುತ್ತಾರೆ. ಸೆನ್ಸರ್ ಸರಿಹೊಂದಿಲ್ಲದಿದ್ದರೆ ಆ ಬಾಣ ಎತ್ತಲೋ ತೋರಿಸಬಹುದು. ಅಂಥ ಹೊತ್ತಿನಲ್ಲಿ ಅಯಸ್ಕಾಂತದ ಕವರ್ ತೆಗೆಯಿರಿ. ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಫೋನನ್ನು ಕೆಲವು ಸಲ ಆಡಿಸಿ, ಸೆನ್ಸರ್ ಸರಿಯಾಗುತ್ತದೆ. ಬಂದ ದಾರಿಯಲ್ಲೇ, ಕಾಲಿಡಲು ಸುರಕ್ಷಿತವಾಗಿರುವ ಕಡೆ, ಇಪ್ಪತ್ತು ಮೂವತ್ತು ಹೆಜ್ಜೆ ನಡೆದು ನಕ್ಷೆಯಲ್ಲಿ ಚುಕ್ಕೆ ಯಾವ ಕಡೆಗೆ ಸರಿಯಿತು ಎಂದು ನೋಡಿ. ಚುಕ್ಕೆ ಸರಿದ ದಿಕ್ಕನ್ನು ಬಾಣದ ದಿಕ್ಕಿಗಿಂತ ಹೆಚ್ಚು ನಂಬಬಹುದು.

ಹರಿದಾಡುವ ಮಾತುಗಳು, ಸರಿಯಾದ ಉತ್ತರಗಳು

"ಜಿಪಿಎಸ್ ಇದ್ದರೆ ದಿಕ್ಸೂಚಿ ಬೇಡ." ತಪ್ಪು. ಒಂದು ಸಾಗುವ ದಾರಿ ಹೇಳುತ್ತದೆ, ಇನ್ನೊಂದು ಮುಖ ಮಾಡಿದ ದಿಕ್ಕು ಹೇಳುತ್ತದೆ. ಹಡಗುಗಳಲ್ಲಿ ಎರಡು ಆಂಟೆನಾಗಳನ್ನು ದೂರ ದೂರ ಇಟ್ಟು ಮೂತಿಯ ದಿಕ್ಕನ್ನೂ ತಿಳಿಯುವ ಜಿಪಿಎಸ್ ಉಂಟು. ಕೈಯಲ್ಲಿ ಹಿಡಿಯುವ ಸಾಮಾನ್ಯ ಉಪಕರಣದಲ್ಲಿ ಆ ಸೌಲಭ್ಯ ಇರುವುದಿಲ್ಲ.

"ಎರಡು ಉಪಕರಣ ಬೇರೆ ಬೇರೆ ಅಂಕಿ ತೋರಿಸಿದರೆ ಒಂದು ಕೆಟ್ಟಿದೆ." ಹಾಗೇನೂ ಇಲ್ಲ. ಗಾಳಿಯಿಂದಲೋ, ಎರಡು ಉತ್ತರಗಳ ವ್ಯತ್ಯಾಸದಿಂದಲೋ ಎರಡೂ ಸರಿಯಾಗಿದ್ದು ಅಂಕಿ ಬೇರೆ ಬರಬಹುದು.

"ಜಿಪಿಎಸ್ ಉಪಗ್ರಹ ನಮ್ಮನ್ನು ಮೇಲಿನಿಂದ ನೋಡುತ್ತಿರುತ್ತದೆ." ತಪ್ಪು. ನಿಮ್ಮ ಉಪಕರಣ ಸಂಕೇತವನ್ನು ಕೇಳಿಸಿಕೊಳ್ಳುತ್ತದೆ ಅಷ್ಟೆ, ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ನಿಮ್ಮ ಸ್ಥಳವನ್ನು ಬೇರೆಯವರಿಗೆ ತಿಳಿಸುವುದು ಫೋನಿನ ಆ್ಯಪ್‌ಗಳು ಮತ್ತು ಇಂಟರ್ನೆಟ್.

"ಇಂಟರ್ನೆಟ್ ಇಲ್ಲದಿದ್ದರೆ ಜಿಪಿಎಸ್ ಇಲ್ಲ." ಅರ್ಧ ಸತ್ಯ. ಸ್ಥಾನ ತಿಳಿಯಲು ಇಂಟರ್ನೆಟ್ ಬೇಕಿಲ್ಲ. ಆದರೆ ನಕ್ಷೆಯ ಚಿತ್ರ ಇಳಿಸಿಕೊಳ್ಳಲು ಬೇಕು. ಕಾಡಿಗೆ ಹೋಗುವ ಮೊದಲು ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ ಎನ್ನುವುದು ಇದಕ್ಕೇ. ಬಹುತೇಕ ಫೋನ್‌ಗಳಲ್ಲಿ ಫ್ಲೈಟ್ ಮೋಡ್ ಹಾಕಿದರೂ ಜಿಪಿಎಸ್ ನಡೆಯುತ್ತದೆ.

ಪೈಲಟ್ ಆಗಲಿ, ಚಾರಣಿಗರಾಗಲಿ, ಪರದೆಯಲ್ಲಿ ಬಾಣ ಕಂಡ ಕೂಡಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ನಾನು ಮುಖ ಮಾಡಿದ ದಿಕ್ಕೋ, ನಾನು ಸಾಗುತ್ತಿರುವ ದಿಕ್ಕೋ? "ಉಪಗ್ರಹವೇ ಎಲ್ಲ ತೋರಿಸುತ್ತದೆ" ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸುವ ಮೊದಲು ಈ ಪ್ರಶ್ನೆಯನ್ನು ಜೊತೆಗೆ ಸೇರಿಸಿ. ಮುಂದಿನ ಚಾರಣಕ್ಕೆ ಹೊರಟಿರುವ ನಿಮ್ಮ ಗೆಳೆಯರಿಗೆ ಅದು ಉಪಯೋಗಕ್ಕೆ ಬರಬಹುದು.